ಕೊನೆಯ ನೀರು ಸೀಸೆಗೆ

ಬಿಸಿಲಲ್ಲಿ ಊರಿಗೆ ಹೊರಡಬೇಕೆಂದು ಇನ್ಸುಲಿನ್ ಇಡುವ ಬಟ್ಟೆಯ ಚೀಲವನ್ನು ಈಗಷ್ಟೇ ನೀರಲ್ಲಿ ಅದ್ದಿದೆ. ಒದ್ದೆ ಹತ್ತಿಯ ವಾಸನೆ ಬಂದಿದ್ದೇ ತಡ, ನಾನು ಮತ್ತೆ ಚಿಕ್ಕ ಹುಡುಗಿಯಾಗಿ ಬನಹಟ್ಟಿಯಿಂದ ಗಲಗಲಿಗೆ ಹೊರಟ ಬಸ್ಸಿನಲ್ಲಿ ಅವ್ವನಿಗೆ ಅಂಟಿಕೊಂಡು ಕೂತಿದ್ದೆ.

ಮಗ್ಗಕ್ಕೆ ಕೂರುವ ಮುಂಚೆ ಅವ್ವ ಲಾಳಿಗೆ ಹಾಕುವ ನೂಲಿನ ಕಂಡಿಕೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡುತ್ತಿದ್ದಳು. ಒಣಗಿದರೆ ಎಳೆ ಹರಿಯುತ್ತದೆ. ನನ್ನ ಇನ್ಸುಲಿನ್ ಸೀಸೆಯನ್ನೂ ಹಾಗೆಯೇ ಸುತ್ತಿ, ಆಗಾಗ ಕೆನ್ನೆಗೆ ಒತ್ತಿ ತಂಪು ನೋಡುತ್ತಿದ್ದಳು.

ಜಮಖಂಡಿ ದಾಟಿದ ಮೇಲೆ ಬಸ್ಸು ಕೆಟ್ಟು ನಿಂತಿತು. ಸುತ್ತ ಒಂದು ಮರವಿಲ್ಲ. ಸೀಸೆಗೆ ಸುತ್ತಿದ ಬಟ್ಟೆ ಒಣಗುತ್ತ ಬಂತು. ಬಾಟಲಿಯ ತಳದಲ್ಲಿ ಒಂದು ಗುಟುಕು ನೀರು. ನನಗೋ ಸಕ್ಕರೆ ಕಾಯಿಲೆಯ ಆ ತೀರದ ಬಾಯಾರಿಕೆ.

“ಅವ್ವಾ, ನೀರ ಬೇಕ.”

“ತಡಿಯವ್ವಾ, ಮೊದಲ ಇದಕ್ಕ ಬೇಕ.”

“ಕೂಸಿಗೆ ಕುಡಸವಾ,” ಎಂದು ಪಕ್ಕದ ಮುದುಕಿ ಗದರಿದಳು.

“ಇದು ಕೆಟ್ಟರ ಕೂಸ ಉಳ್ಯಾಂಗಿಲ್ಲರಿ,” ಎಂದು ಅವ್ವ ಇದ್ದ ನೀರನ್ನೆಲ್ಲ ಬಟ್ಟೆಗೆ ಸುರಿದಳು. ಆಮೇಲೆ ಮುಖ ತಿರುಗಿಸಿಕೊಂಡೇ ಅದರ ತುದಿಯನ್ನು ನನ್ನ ಬಾಯಿಗೆ ಹಿಂಡಿದಳು. ನೂಲಿನ ಗಂಜಿಯ ರುಚಿಯ ಎರಡು ಹನಿ.

ಚೀಲ ಈಗ ತಂಪಾಗಿದೆ. ಪಕ್ಕದಲ್ಲಿ ಲೋಟದ ತುಂಬ ನೀರಿದೆ. ಆದರೂ ಕುಡಿಯಲು, ಈಗಿಲ್ಲದ ಅವ್ವ ಹೂಂ ಅನ್ನಲಿ ಎಂದು ಕಾಯುತ್ತಿದ್ದೇನೆ.