ಎತ್ತು ಕಚ್ಚಿದ ಬಕೀಟು

ಗಾದಿಲಿಂಗಮ್ಮ ಬೆಳಗ್ಗೆ ಎದ್ದು ಮುಖ ತೊಳೆದ ಮೇಲೆ ಮಾಡುತ್ತಿದ್ದ ಮೊದಲ ಕೆಲಸ ಸೂಜಿಗೆ ದಾರ ಪೋಣಿಸುವುದು. ಹೊಸ್ತಿಲ ಮೇಲೆ ಕುಳಿತು, ಬೀದಿಯ ಬೆಳಕಿಗೆ ಸೂಜಿ ಹಿಡಿದು, ದಾರದ ತುದಿಯನ್ನು ಎಂಜಲು ಮಾಡದೆ ಬೆರಳಲ್ಲೇ ಹೊಸೆದು ಪೋಣಿಸುವಳು. ಆಮೇಲೆ ಅದನ್ನು ದೇವರ ಗೂಡಿನಲ್ಲಿಟ್ಟು ಕೈಮುಗಿಯುವಳು. ಜ್ವರ ಬಂದಾಗಲೂ ಇದನ್ನು ತಪ್ಪಿಸಿದವಳಲ್ಲ, ಹೊಲಿಯಲು ಬಟ್ಟೆಯಿಲ್ಲದ ದಿನಗಳಲ್ಲೂ ತಪ್ಪಿಸಲಿಲ್ಲ. ಸೂಜಿ ಸಿದ್ಧ ಮಾಡುವುದು ತನ್ನ ಕೆಲಸ, ಬಟ್ಟೆ ಕಳಿಸುವುದು ಮೇಲಿನವನ ಕೆಲಸ ಎಂದು ಅವಳು ಎಂದೋ ಪಾಲು ಮಾಡಿಕೊಂಡುಬಿಟ್ಟಿದ್ದಳು.

ಆ ವರ್ಷ ಮೇಲಿನವನು ತುಸು ತಡ ಮಾಡಿದ್ದ. ಯುದ್ಧ ಎಲ್ಲೋ ದೂರದಲ್ಲಿ ನಡೆದಿತ್ತು, ಬಟ್ಟೆಯ ಬರ ಮಾತ್ರ ಅವಳ ಊರು ಆದವಾನಿಗೆ ಬಂದಿತ್ತು. ಊರ ತುಂಬ ಹತ್ತಿ. ಗಾಳಿ ಬೀಸಿದರೆ ಮೂಗಿಗೂ ಹತ್ತಿ. ಉಡಲು ಮಾತ್ರ ಹೊಸ ಸೀರೆಯಿಲ್ಲ. ಹೊಸದು ಬಾರದಿದ್ದ ಮೇಲೆ ಹಳೆಯದನ್ನು ಹರಿದು ಕೌದಿಗೆ ಕೊಡುವವರು ಯಾರು? ಮನೆಮನೆಗೆ ಹೋಗಿ ಕೌದಿ ಹೊಲಿದು ಹೊಟ್ಟೆ ಹೊರೆಯುತ್ತಿದ್ದ ಗಾದಿಲಿಂಗಮ್ಮನ ಕೈ ಬರಿದಾಯಿತು.

ಈ ಸುದ್ದಿ ಪತ್ತಿಕೊಂಡದ ಕಡೆ ಕುರಿ ಸಾಕಿಕೊಂಡಿದ್ದ ಅವಳ ತಮ್ಮ ಜಂಬಪ್ಪನಿಗೆ ಮುಟ್ಟಿತು. ಗಂಡ ತೀರಿಹೋಗಿ, ಮಕ್ಕಳೂ ಇಲ್ಲದ ಅಕ್ಕ ಒಬ್ಬಳೇ ಉಪವಾಸ ಬೀಳುವುದು ಬೇಡ, ಯುಗಾದಿಗೆ ಬಂದು ತನ್ನ ಮನೆಗೇ ಕರೆದೊಯ್ಯುತ್ತೇನೆ ಎಂದು ಹೇಳಿ ಕಳಿಸಿದ. ಅವನ ಹೆಂಡತಿಯೂ ಒಳ್ಳೆಯವಳೇ. ಬಂದರೆ ಗಂಡನ ಅಕ್ಕನನ್ನು ಕೆಲಸಕ್ಕೆ ಹಚ್ಚದೆ ಕೂಡಿಸಿ ಉಣ್ಣಿಸುವವಳು. ಗಾದಿಲಿಂಗಮ್ಮನಿಗೆ ಭಯ ಹುಟ್ಟಿಸಿದ್ದೇ ಆ ಕೂಡಿಸಿ ಉಣ್ಣಿಸುವುದು. ಅಲ್ಲಿ ಬೆಳಗ್ಗೆ ಎದ್ದು ಯಾರಿಗಾಗಿ ದಾರ ಪೋಣಿಸಲಿ ಎಂದು ಯೋಚಿಸುತ್ತ ಕುಳಿತಳು.

ಕುಳಿತಲ್ಲೇ ಅವಳ ಕಣ್ಣು ತನ್ನ ಮನೆಯ ಮೂಲೆಯ ಬಕೀಟಿನ ಮೇಲೆ ಬಿತ್ತು. ತಳ ತೂತಾಗಿ ನೀರು ನಿಲ್ಲುತ್ತಿರಲಿಲ್ಲ. ಯುದ್ಧದ ದೆಸೆಯಿಂದ ಕಬ್ಬಿಣವೂ ತುಟ್ಟಿಯಾಗಿ, ಊರಿನ ಯಾವ ಮನೆಗೆ ಹೋದರೂ ಇಂಥದೊಂದು ಬಕೀಟು ಎಸೆಯಲು ಮನಸ್ಸಾಗದೆ ಮೂಲೆ ಸೇರಿತ್ತು. ಅವಳ ಗಂಟಿನಲ್ಲಿ ಉಳಿದದ್ದು ಅಂಗೈಯಗಲದ ಬಟ್ಟೆಯ ಚೂರುಗಳು. ಕೌದಿಗೆ ಸಾಲವು, ಕಿಸೆಗೆ ಸಾಕು. ಎಲೆಯಡಿಕೆಯ ಸಂಚಿಗೆ ಒಳಗೆ ಕಿಸೆ ಇರುವಂತೆ ಬಕೀಟಿಗೆ ಹೊರಗೆ ಸುತ್ತಲೂ ಕಿಸೆ ಇದ್ದರೆ?

ಚೂರಿನ ಮೇಲೆ ಚೂರು ಪದರ ಹಾಕಿ, ಕೌದಿಯಂತೆಯೇ ಸಾಲುಸಾಲು ಹೊಲಿದು, ಬಕೀಟಿನ ಸುತ್ತಿಗೆ ಸರಿಯಾಗಿ ಒಂದು ಅಡ್ಡಪಟ್ಟಿ ಮಾಡಿದಳು. ಅದರ ಮೇಲೆ ಸಣ್ಣದು, ದೊಡ್ಡದು, ಉದ್ದದ್ದು ಎಂದು ಕಿಸೆಗಳನ್ನು ಕೂಡಿಸಿದಳು. ಪಟ್ಟಿ ಜಾರದಂತೆ ಹಿಡಿಕೆಯ ಎರಡೂ ಕಿವಿಗೆ ಲಾಡಿ ಕಟ್ಟಿದಳು. ದಾರ ಎಲ್ಲಿಂದ ಬಂತೆಂದರೆ, ಎಮ್ಮಿಗನೂರಿನ ನೇಕಾರರು ಮಗ್ಗದಿಂದ ಕತ್ತರಿಸಿ ಬಿಸಾಡುವ ನೂಲಿನ ತುದಿಗಳಿಂದ. ಅವನ್ನು ಗಂಟು ಹಾಕಿ, ತೊಡೆಯ ಮೇಲೆ ಹೊಸೆದು, ಜೇನುಮೇಣ ತಿಕ್ಕುತ್ತಿದ್ದಳು. ಕಿಸೆಯ ಬಾಯಿಯ ಹತ್ತಿರ ಹೊಲಿಗೆ ಬಿಡದಿರಲೆಂದು, ಸೂಜಿ ಒಂದು ಹೆಜ್ಜೆ ಮುಂದೆ ಹೋದರೆ ಅರ್ಧ ಹೆಜ್ಜೆ ಹಿಂದಕ್ಕೆ ತಂದು ಹೊಲಿಯುವಳು.

ಯುಗಾದಿ ಮುಗಿದ ಮರುದಿನವೇ ಜಂಬಪ್ಪ ಬಂದ. ಹೆಗಲ ಕಂಬಳಿ ಇಳಿಸುವ ಮೊದಲೇ ಬಕೀಟು ಕಂಡಿತು.

“ಅಕ್ಕಾ, ತೂತು ಬಿದ್ದ ಬಕೀಟಿಗೆ ಅಂಗಿ ತೊಡಿಸೀಯಲ್ಲ. ನಮ್ಮ ಕುರಿ ಉಣ್ಣೆ ಕತ್ತರಿಸಿದ ಮ್ಯಾಲ ಚಳಿಗೆ ನಡುಗ್ತಾವ, ಅವಕೂ ಒಂದೊಂದು ಹೊಲಿ.”

“ನಿನ್ನ ಕುರಿ ಕಿಸೆದಾಗ ಏನು ಇಟ್ಕಂತಾವ ತಮ್ಮಾ?” ಎಂದು ಅವಳು ರೊಟ್ಟಿ ಬಡಿಯಲು ಕುಳಿತಳು.

ಉಂಡಾದ ಮೇಲೆ ಮಾತು ನಿಜದ ದಾರಿಗೆ ಬಂತು. ಕಿಸೆ ಹೊಲಿದ ಈ ಬಕೀಟು ಅವಳದಲ್ಲ, ಹತ್ತಿ ವ್ಯಾಪಾರಿ ಮರಿಬಸಪ್ಪನವರ ಹೆಂಡತಿ ಕೊಟ್ರಮ್ಮನದು. ಪೂಜೆಯ ಸಾಮಾನು ಇಟ್ಟುಕೊಳ್ಳಲು ಕಿಸೆ ಹೊಲಿದುಕೊಡುತ್ತೇನೆಂದು ಗಾದಿಲಿಂಗಮ್ಮ ಕೇಳಿ ತಂದಿದ್ದಳು. ಆ ಮನೆಯಲ್ಲಿ ಒಪ್ಪಿದರೆ ಊರೇ ಒಪ್ಪಿದ ಹಾಗೆ. ಜಂಬಪ್ಪ ತಂಬಾಕು ತಿಕ್ಕುತ್ತ ಕೇಳಿಸಿಕೊಂಡ, ಕೊನೆಗೆ ಒಂದು ಮಾತಿಗೆ ಬಂದ.

“ಆತು. ಆ ಅಮ್ಮಾರು ಇದನ್ನ ಒಪ್ಪಿ ಇನ್ನೊಂದು ಹೊಲಿ ಅಂದರ ನೀ ಇಲ್ಲೇ ಇರು, ನಾ ಸುಮ್ಮಕ ಹೋಗ್ತೀನಿ. ಇಲ್ಲಂದರ ನಾಳೆ ಗಂಟು ಕಟ್ಟು.”

ಕೊಡುವ ಮೊದಲು ಒಂದು ಶಾಸ್ತ್ರ ಬಾಕಿಯಿತ್ತು. ಕೌದಿಯನ್ನು ಹಸಿದ ಹೊಟ್ಟೆಯಲ್ಲಿ ಕಳಿಸಬಾರದೆಂದು ಅವಳ ತಾಯಿ ಮೂಲೆಯೊಂದರಲ್ಲಿ ನಾಲ್ಕು ಜೋಳದ ಕಾಳಿಟ್ಟು ಹೊಲಿಯುತ್ತಿದ್ದಳು. ಕಿಸೆ ಅಂದರೂ ಹೊಟ್ಟೆಯೇ ಅಲ್ಲವೇ? ಆದರೆ ಗಡಿಗೆಯಲ್ಲಿದ್ದ ಜೋಳವೆಲ್ಲ ತಮ್ಮನ ರೊಟ್ಟಿಗೆ ಮುಗಿದಿತ್ತು. ಗಾದಿಲಿಂಗಮ್ಮ ಬೀದಿಗಿಳಿದು, ಬಂಡಿಗಳಿಂದ ಉದುರಿದ್ದ ಹತ್ತಿಕಾಳನ್ನು ಆಯ್ದು, ಮಣ್ಣು ಒರೆಸಿ, ದೊಡ್ಡ ಕಿಸೆಗೆ ಒಂದು ಹಿಡಿ ತುಂಬಿದಳು. ಬರಿದು ಕೊಡಲಿಲ್ಲವೆಂಬ ಸಮಾಧಾನದಿಂದ ಬಕೀಟು ಎತ್ತಿಕೊಂಡಳು. ಹಿಂದೆ ಜಂಬಪ್ಪ ಹೊರಟ.

ಮರಿಬಸಪ್ಪನವರ ಅಂಗಳದಲ್ಲಿ ಆಲೂರಿನಿಂದ ಹತ್ತಿ ತಂದ ಬಂಡಿಗಳು ನಿಂತಿದ್ದವು. ಎತ್ತುಗಳ ಕೊರಳ ನೊಗ ಬಿಚ್ಚಿದ್ದರು. ಕೊಟ್ರಮ್ಮ ಕಟ್ಟೆಯ ಮೇಲೆ ಕುಳಿತು ಬತ್ತಿ ಹೊಸೆಯುತ್ತಿದ್ದಳು. ಬಕೀಟನ್ನು ತಿರುಗಿಸಿ ತಿರುಗಿಸಿ ನೋಡಿದಳು. ಬತ್ತಿಯನ್ನು ಒಂದು ಕಿಸೆಗೆ, ವಿಭೂತಿ ಗಟ್ಟಿಯನ್ನು ಇನ್ನೊಂದಕ್ಕೆ ಇಟ್ಟಳು. ಇಷ್ಟು ಚೆಂದದ್ದು ನಾಲ್ಕು ದಿನಕ್ಕೇ ಕಿತ್ತು ಬಂದರೆ ಎಂದು ಸಂಶಯ ಎತ್ತಿದಳು. ಬಕೀಟನ್ನು ಕಟ್ಟೆಯ ಅಂಚಿಗಿಟ್ಟು, ಗಂಡನನ್ನೂ ಒಂದು ಮಾತು ಕೇಳಿ ಬರುತ್ತೇನೆಂದು ಒಳಗೆ ಹೋದಳು.

ಹತ್ತಿಕಾಳಿನ ವಾಸನೆ ಎತ್ತಿಗೆ ತಿಳಿಯದೇ ಇರುತ್ತದೆಯೇ? ಆಲೂರಿನ ಸುಂಕಣ್ಣನ ಬಿಳಿ ಎತ್ತು ಮೆಲ್ಲಗೆ ಕಟ್ಟೆಯ ಬಳಿ ಬಂದು, ದೊಡ್ಡ ಕಿಸೆಗೆ ನಾಲಿಗೆ ಹಾಕಿತು. ಕಾಳು ಪೂರ್ತಿ ಸಿಗದಿದ್ದಾಗ ಕಿಸೆಯನ್ನೇ ಬಾಯಿಗೆ ತೆಗೆದುಕೊಂಡಿತು. ಸುಂಕಣ್ಣ ಕೂಗಿಕೊಂಡು ಓಡಿ ಬಂದ. ಎತ್ತು ಬೆದರಿ ತಲೆಯೆತ್ತಿತು. ಬಕೀಟೂ ಜೊತೆಗೇ ಮೇಲೆದ್ದಿತು. ಹಿಡಿಕೆ ಗಲಗಲ ಅನ್ನುತ್ತ, ಬತ್ತಿ ಹಾರುತ್ತ, ಎತ್ತು ಅಂಗಳ ಸುತ್ತತೊಡಗಿತು. ಬಂಡಿಯವರೆಲ್ಲ ಎದ್ದು ನಿಂತರು. ಗದ್ದಲ ಕೇಳಿ ಕೊಟ್ರಮ್ಮ, ಮರಿಬಸಪ್ಪ ಇಬ್ಬರೂ ಹೊರಗೆ ಬಂದರು.

ಗಾದಿಲಿಂಗಮ್ಮನ ಪಕ್ಕದಲ್ಲಿ ಜಂಬಪ್ಪ ನಗು ತಡೆಯಲು ಕಂಬಳಿಯ ತುದಿ ಕಚ್ಚಿಕೊಂಡಿದ್ದ. ಅವಳ ಕಣ್ಣ ಮುಂದೆ ಪತ್ತಿಕೊಂಡದ ದಾರಿ ಬಂತು, ತಮ್ಮನ ಹೆಂಡತಿ ಬಡಿಸಿದ ತಾಟು ಬಂತು. ಸೂಜಿಯನ್ನು ನೆನೆದು ಶಿವಾ ಅಂದಳು.

ಸುಂಕಣ್ಣ ಮೂಗುದಾರ ಹಿಡಿದು ಎತ್ತನ್ನು ನಿಲ್ಲಿಸಿದ. ಬಕೀಟು ಇನ್ನೂ ಅದರ ಬಾಯಿಂದ ಜೋತಾಡುತ್ತಿತ್ತು. ದವಡೆ ಬಿಡಿಸಿ ಕೆಳಗಿಳಿಸಿ, ಜೊಲ್ಲು ಒರೆಸಿ, ಹೊಲಿಗೆಯ ಗುಂಟ ಬೆರಳಾಡಿಸಿದ. ಅಂಚು ಜಗಿದುಹೋಗಿತ್ತು. ಕಿಸೆ ಕಿತ್ತಿರಲಿಲ್ಲ, ಲಾಡಿ ಬಿಚ್ಚಿರಲಿಲ್ಲ. ಸುಂಕಣ್ಣ ತೆಲುಗಿನಲ್ಲಿ ತನ್ನ ಜೊತೆಯವರಿಗೆ ಏನೋ ಹೇಳಿದ. ಅವರೂ ಬಗ್ಗಿ ಜಗ್ಗಿ ನೋಡಿದರು.

“ನೊಗದ ಮಿಣಿ ಹಗ್ಗಾನ ಕಿತ್ತೋನು ಇವನು,” ಎಂದು ಸುಂಕಣ್ಣ ಎತ್ತಿನ ಬೆನ್ನು ತಟ್ಟಿದ. “ಇದನ್ನ ಕೀಳಾಕ ಇವನ ಕೈಲೇ ಆಗಲಿಲ್ಲ. ಯಕ್ಕಾ, ನನ್ನ ಬಂಡಿ ಕೆಳಗ ಒಂದು ತೂತು ಬಕೀಟು ಜೋತಾಡ್ತೈತಿ. ಕೀಲೆಣ್ಣಿ, ಹಗ್ಗ, ಉಪ್ಪು ಮೆಣಸಿನಕಾಯಿ ಎಲ್ಲಾ ಒಂದರಾಗ ಒಂದು ಕಲಸಿ ಹೋಗೈತಿ. ಅದಕ್ಕೂ ಒಂದು ಹೊಲಿ.”

ಇನ್ನೊಬ್ಬ ಬಂಡಿಯವನೂ ತನ್ನ ಬಕೀಟು ಬಿಚ್ಚತೊಡಗಿದ. ಗಾದಿಲಿಂಗಮ್ಮ ಅತ್ತ ನೋಡಲಿಲ್ಲ. ಅವಳ ನೋಟವೆಲ್ಲ ಕಟ್ಟೆಯ ಮೇಲಿನ ಕೊಟ್ರಮ್ಮನ ಬಾಯಿಯ ಮೇಲಿತ್ತು. ಕೊಟ್ರಮ್ಮ ಬತ್ತಿ ಆಯ್ದುಕೊಳ್ಳುತ್ತಲೇ ಕೇಳಿದಳು.

“ಹತ್ತಿಕಾಳು ಯಾಕ ತುಂಬಿದ್ದಿ?”

“ಬರಿದು ಕೊಡಬಾರದಂತ್ರೀ ಅಮ್ಮಾರ. ಜೋಳ ತೀರಿತ್ತು.”

ಕೊಟ್ರಮ್ಮನ ಮುಖ ಸಡಿಲಾಯಿತು. “ಈ ಅಂಚು ಸರಿಮಾಡಿ ಕೊಡು. ಅಡಿಗಿ ಮನಿಗೂ ಒಂದು ಬೇಕು, ಆ ಬಕೀಟೂ ಒಯ್ಯಿ. ಕಿಸೆದ ಹೊಟ್ಟಿ ತುಂಬಾಕ ನಾನ ಅಡಿಕಿ ಕೊಡ್ತೀನಿ. ಎತ್ತಿಗೆ ಉಣಿಸಬ್ಯಾಡ.”

ಜಂಬಪ್ಪ ಕಂಬಳಿಯ ತುದಿಯನ್ನು ಬಾಯಿಂದ ತೆಗೆದ. ಅಕ್ಕನ ಮುಖ ನೋಡಿ, ತಾನು ಊರಿಗೆ ಒಬ್ಬನೇ ಹೋಗಬೇಕೆಂದು ತಿಳಿದುಕೊಂಡ. ಬೇಸರಪಟ್ಟಂತೆ ಕಾಣಲಿಲ್ಲ.

ಹೊರಡುವ ಹೊತ್ತಿಗೆ ಅವಳ ಮುಂದೆ ಬಕೀಟುಗಳದೇ ಸಾಲಾಗಿತ್ತು. ಬಿಸಿಲೇರಿತ್ತು. ಮರಿಬಸಪ್ಪನವರಿಗೆ ಇನ್ನೂ ನಗು ಇಳಿದಿರಲಿಲ್ಲ. ಇಷ್ಟನ್ನು ಹೊತ್ತು ಹೇಗೆ ಹೋಗುತ್ತಿ, ನಮ್ಮ ಬಂಡಿ ಹೂಡಿಸುತ್ತೇನೆ, ತಮ್ಮನನ್ನೂ ಕೂಡಿಸಿಕೊಂಡು ಮನೆಯ ಬಾಗಿಲಿಗೇ ಹೋಗಿ ಇಳಿ ಎಂದರು.

ಗಾದಿಲಿಂಗಮ್ಮ ಖಾಲಿ ಬಕೀಟುಗಳನ್ನು ತಮ್ಮನ ಎರಡೂ ಕೈಗೆ ಕೊಟ್ಟಳು. ಸೆರಗನ್ನು ಸಿಂಬಿ ಸುತ್ತಿ, ಎತ್ತು ಕಚ್ಚಿದ ಬಕೀಟನ್ನು ತಲೆಯ ಮೇಲೇರಿಸಿದಳು. ಜಗಿದ ಕಿಸೆ ಮುಂದೆ ಕಾಣುವ ಹಾಗೆ ತಿರುಗಿಸಿಕೊಂಡಳು.

“ಬಂಡಿ ಬ್ಯಾಡ್ರೀ ಸಾವ್ಕಾರ್ರ,” ಎಂದಳು. “ನಾನು ಬಜಾರದಾಗ ಹಾದು, ನಡಕೊಂಡ ಹೋಗ್ತೀನಿ.”