ಪಡಸಾಲೆಯ ಗಿಳಿ, ಮಗ್ಗದ ಮನೆಯ ಪಿಕಳಾರ

ನಮ್ಮಪ್ಪನಿಗೆ ಒಮ್ಮೆ ತಲೆ ಸುತ್ತಿ ಬಂದ ಮೇಲೆ, ಇನ್ನು ಮಗ್ಗಕ್ಕೆ ಕೂರಬೇಡಿ ಎಂದು ಡಾಕ್ಟರು ಹೇಳಿದ್ದರು. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುತ್ತಲೇ ಮುದುಕರಾದವರು ಅದನ್ನೆಲ್ಲ ಕೇಳುತ್ತಾರೆಯೇ? ಹಾಗಾಗಿ ಅವರನ್ನು ಕಿವಿಯಿಂದ ಕಾಯುವುದು ನನ್ನ ಕೆಲಸವಾಯಿತು. ಅಡುಗೆಮನೆಯಲ್ಲಿದ್ದರೂ ಗಮನವೆಲ್ಲ ಮಗ್ಗದ ಸದ್ದಿನ ಮೇಲೆ. ಸದ್ದು ನಿಂತರೆ ಎದೆ ಧಸಕ್ಕೆನ್ನುತ್ತಿತ್ತು. ಅದು ಗೊತ್ತಿದ್ದೇ ಅವರು, “ಎಳೆ ಕಡದೈತಮ್ಮಾ, ಏನಿಲ್ಲ” ಎಂದು ಕೂಗಿ ಹೇಳುತ್ತಿದ್ದರು.

ಹೀಗಿರುವಾಗ ಚಳ್ಳಕೆರೆಯಲ್ಲಿರುವ ತಮ್ಮ ತನ್ನ ಬೂದು ಗಿಳಿಯನ್ನು ಪಂಜರ ಸಮೇತ ತಂದು ನಮ್ಮ ಪಡಸಾಲೆಯಲ್ಲಿ ನೇತುಹಾಕಿದ. ಅವನ ಮನೆ ರಿಪೇರಿ ನಡೆದಿತ್ತು, ಧೂಳು ಅದಕ್ಕೆ ಆಗುವುದಿಲ್ಲವಂತೆ. ಆಫ್ರಿಕದ ಕಾಡಿನ ಜಾತಿ, ಈಗ ಅಲ್ಲೂ ಅಪರೂಪವಂತೆ. “ಹುಷಾರಕ್ಕಾ, ಇದಕ್ಕೆ ಸರ್ಕಾರದ ಕಾಗದಪತ್ರ ಐತೆ” ಎಂದ. ಮನೆಯಲ್ಲಿ ನಮಗ್ಯಾರಿಗೂ ಇಲ್ಲದ ಮರ್ಯಾದೆ ಅದಕ್ಕೆ. ಬೀದಿಯವರೆಲ್ಲ ನೋಡಲು ಬಂದರು. ಮಗ್ಗದ ಕೋಣೆಯಲ್ಲಿ ಸೂರಿನಿಂದ ಮಗ್ಗದ ಪಕ್ಕಕ್ಕೆ ಇಳಿಬಿದ್ದಿದ್ದ ಹಳೇ ಹಗ್ಗವೊಂದರ ಗಂಟಿನ ಮೇಲೆ ಗೂಡು ಕಟ್ಟಿದ್ದ ಪಿಕಳಾರದ ಜೋಡಿಯನ್ನು ಮಾತ್ರ ಯಾರೂ ತಿರುಗಿ ನೋಡಲಿಲ್ಲ. ಬೇಲಿ ಬೇಲಿಗೂ ಸಿಗುವ ಹಕ್ಕಿ. ಬೆಳಗ್ಗೆ ಕಿಟಕಿಯಲ್ಲಿ ಕೂತು ಎಷ್ಟು ಇಂಪಾಗಿ ಹಾಡಿದರೂ ನಮಗೆ ಲೆಕ್ಕಕ್ಕಿರಲಿಲ್ಲ.

ಗಿಳಿ ಮಾತಾಡುತ್ತದೆಂದು ವಾರಗಟ್ಟಲೆ ಕಾದೆವು. ಅದು ಕತ್ತು ಓರೆ ಮಾಡಿ ಸುಮ್ಮನೆ ಕೇಳಿಸಿಕೊಳ್ಳುತ್ತಿತ್ತು.

ಒಂದು ದಿನ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಪಿಕಳಾರಗಳು ವಿಪರೀತ ಕಿರುಚಿಕೊಂಡವು. ಮಗ್ಗದ ಸದ್ದು ಎಂದಿನಂತೆ ಕೇಳುತ್ತಲೇ ಇದ್ದುದರಿಂದ ಅಪ್ಪನ ಯೋಚನೆ ಬರಲಿಲ್ಲ. ಗೂಡಿಗೆ ಬೆಕ್ಕು ನುಗ್ಗಿರಬೇಕೆಂದು ಸೌಟು ಹಿಡಿದೇ ಓಡಿದೆ. ಪಡಸಾಲೆ ದಾಟುವಾಗ ಗೊತ್ತಾಯಿತು, ಮಗ್ಗದ ಲಟಕ್ ಪಟಕ್ ಸದ್ದು ಬರುತ್ತಿದ್ದದ್ದು ಗಿಳಿಯ ಪಂಜರದಿಂದ. ಸೌಟು ಬಿಸಾಕಿ ಮಗ್ಗದ ಕೋಣೆಗೆ ನುಗ್ಗಿದೆ. ಒಳಗೆ ಅಪ್ಪ ಮಗ್ಗದ ಮೇಲೆ ಬೋರಲಾಗಿ ಬಿದ್ದಿದ್ದರು. ಬೀಳುವಾಗ ಹಿಡಿದುಕೊಂಡ ಹಗ್ಗ ಇನ್ನೂ ಮುಷ್ಟಿಯಲ್ಲಿತ್ತು, ಗೂಡು ಒಂದು ಕಡೆಗೆ ವಾಲಿತ್ತು.

ಬೇಗ ಕರೆತಂದಿರಿ, ಇಲ್ಲದಿದ್ದರೆ ಕಷ್ಟವಿತ್ತು ಎಂದರು ಆಸ್ಪತ್ರೆಯಲ್ಲಿ. ಅಪ್ಪ ಉಳಿದರು. ತಮ್ಮ ಬಂದು ಗಿಳಿಯನ್ನು ಕರೆದೊಯ್ದ. ಅದರ ಮೇಲೆ ನನಗೆ ಸಿಟ್ಟಿಲ್ಲ. ಕಾಡು ಕಾಣದ ಜೀವ, ಕೇಳಿದ್ದನ್ನು ಒಪ್ಪಿಸಿತು ಅಷ್ಟೆ.

ಅಪ್ಪ ಈಗ ಮತ್ತೆ ಮಗ್ಗಕ್ಕೆ ಕೂರುತ್ತಾರೆ. ಹೇಳಿ ಹೇಳಿ ನನ್ನ ಬಾಯಿ ನೋಯಿತು. ಸದ್ದು ನಿಂತರೆ ಹೆದರುತ್ತಿದ್ದವಳು ಈಗ ಸದ್ದು ಬರುತ್ತಿದ್ದರೂ ಹೆದರುತ್ತೇನೆ. ಒಲೆ ಸಣ್ಣ ಮಾಡಿ, ಬಾಗಿಲವರೆಗೆ ಹೋಗಿ ಇಣುಕುತ್ತೇನೆ.

ನಿನ್ನೆ ತಲೆ ಎತ್ತದೆಯೇ ಕೇಳಿದರು: “ಬದುಕಿದೀನಾ ಅಂತ ನೋಡಾಕೆ ಬಂದ್ಯೇನಮ್ಮಾ?”

“ಹೂಂ ಅಪ್ಪಾ” ಎಂದೆ. “ಒಂದ್ಸಲ ಈ ಕಡೆ ತಿರುಗ್ರಿ.”