ಮಣ್ಣು ಮುಕ್ಕುವ ಎಮ್ಮೆ

ನಾನು ಮಾನ್ವಿ ತಾಲ್ಲೂಕಿನ ಕಲ್ಲೂರು ಕಡೆಯ ಒಕ್ಕಲುತನದ ಮನೆಯವನು. ನೀರು ಮೊಣಕಾಲು ದಾಟಿದರೆ ಮನೆದೇವರನ್ನು ನೆನೆಯುವ ಮಂದಿ ನಾವು. ಅಂಥವನಿಗೆ ಎಂಬತ್ತರ ದಶಕದ ಆರಂಭದಲ್ಲಿ ಸಿಕ್ಕ ಕೆಲಸ ಯಾವುದು ಅಂತೀರಿ? ಹಡಗಿನ ಖಲಾಸಿ! ಅದೂ ಸಮುದ್ರದ ಗಾಳಿಯೂ ಸೋಕದ ದೇವದುರ್ಗದ ಕಡೆ.

ಹಡಗೆಂದರೆ ಹೂಳೆತ್ತುವ ಬಾರ್ಜು. ಯಾವುದೋ ಬಂದರಿನಲ್ಲಿ ಮೂವತ್ತು ವರ್ಷ ದುಡಿದು ಮುದಿಯಾದದ್ದನ್ನು ಬಿಚ್ಚಿ, ಲಾರಿಗಳಲ್ಲಿ ಹೇರಿಕೊಂಡು ಬಂದು, ಕೃಷ್ಣೆಯ ದಂಡೆಯಲ್ಲಿ ಮತ್ತೆ ಜೋಡಿಸಿದ್ದರು. ನೀರೆತ್ತುವ ಪಂಪಿನ ಬಾಯಿಗೆ ಹೂಳು ತುಂಬದಂತೆ ನೋಡಿಕೊಳ್ಳುವುದು ಅದರ ಕೆಲಸ. ಚಪ್ಪಟೆ ಕಬ್ಬಿಣದ ದೋಣಿ, ಮೇಲೊಂದು ಕ್ರೇನು, ಕ್ರೇನಿನ ತುದಿಗೆ ಮಣ್ಣು ಬಾಚುವ ಹಲ್ಲಿನ ಬಕೆಟ್ಟು. ಹಗಲೆಲ್ಲ ನೀರಲ್ಲಿ ಬಿದ್ದುಕೊಂಡು ಮಣ್ಣು ಮುಕ್ಕುತ್ತಿತ್ತು. ಊರವರು ಮೊದಲ ವಾರವೇ ಅದಕ್ಕೆ ಎಮ್ಮೆ ಎಂದು ಹೆಸರಿಟ್ಟರು.

ಅದರ ಜೊತೆಗೇ ಬಂದವರು ತಾಂಡೇಲರು. ಕರಾವಳಿಯಲ್ಲಿ ದೋಣಿ ನಡೆಸುವ ಯಜಮಾನನನ್ನು ಹಾಗೆ ಕರೆಯುತ್ತಾರಂತೆ. ಬಂದರಿನಲ್ಲಿ ಮೊದಲ ದಿನದಿಂದ ಬಾರ್ಜು ನಡೆಸಿದವರು. ಅದು ಹೋದಲ್ಲಿಗೆ ನಾನೂ ಎಂದು ಹೆಂಡತಿ ಮಕ್ಕಳನ್ನು ಬಿಟ್ಟು ನಮ್ಮ ಬಿಸಿಲಿಗೆ ಬಂದಿದ್ದರು. ಖಡಕ್ ರೊಟ್ಟಿ ಕೊಟ್ಟರೆ ಅದನ್ನು ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ಎರಡೂ ಕೈಯಲ್ಲಿ ಹಿಡಿದು ಕೂರುತ್ತಿದ್ದರು.

ಅವರಿಗೆ ಎಲ್ಲಕ್ಕಿಂತ ಅರ್ಥವಾಗದ್ದು ನಮ್ಮವರ ಮಣ್ಣಿನ ಆಸೆ. ಹೊಲಕ್ಕೆ ಹೂಳು ಒಯ್ಯುವ ಬಂಡಿಗಳು ಬೆಳಿಗ್ಗೆಯೇ ಸಾಲುಗಟ್ಟುತ್ತಿದ್ದವು. ಮಣ್ಣೆತ್ತಿನ ಅಮಾವಾಸ್ಯೆ ಬಂತೆಂದರೆ ಮುಗಿಯಿತು. ಎತ್ತು ಮಾಡಿ ಪೂಜಿಸಲು ಜಿಗುಟು ಮಣ್ಣು ಬೇಕೆಂದು ಹೆಂಗಸರು ಬುಟ್ಟಿ ಹಿಡಿದು ಬಂದು, ಬಕೆಟ್ಟಿನಿಂದ ಬಿದ್ದದ್ದನ್ನು ಬೆರಳಲ್ಲಿ ನಾದಿ ನೋಡುತ್ತಿದ್ದರು.

"ಇದು ಬರೇ ಉಸುಕು ಅದ. ಎತ್ತಿನ ಕೋಡು ನಿಂದ್ರಂಗಿಲ್ಲ. ಇನ್ನಷ್ಟು ಆಳಕ್ಕ ಬಿಡ್ರಿ ಯಪ್ಪಾ" ಎಂದು ಒಬ್ಬ ಮುದುಕಿ ಆಜ್ಞೆ ಮಾಡಿದಳು.

"ಮಾರಾಯ, ಮೂವತ್ತು ವರ್ಷ ಇದನ್ನು ಸಮುದ್ರಕ್ಕೆ ಬಿಸಾಡಿದ್ದೇನೆ. ಇಲ್ಲಿ ಆರಿಸಿ ಕೊಡು ಅಂತಾರಲ್ಲ!" ಎಂದು ತಾಂಡೇಲರು ನನ್ನೆದುರು ತಲೆ ಹಿಡಿದುಕೊಂಡರು. ಗೊಣಗುತ್ತಲೇ ಬಕೆಟ್ಟನ್ನು ಆಳಕ್ಕೆ ಬಿಟ್ಟರು.

ಮುಂದೆ ಶ್ರಾವಣದಲ್ಲಿ ಅವರ ಮಗಳ ಮದುವೆ ಬಂತು.

"ಎಂಟು ದಿನ ಇದನ್ನು ನಿನ್ನ ಕೈಗೆ ಕೊಟ್ಟು ಹೋಗ್ತೇನೆ. ಹಗ್ಗ ಸಡಿಲ ಇರಲಿ. ನೀರು ಏರಿದ ಹಾಗೆ ಬಿಡ್ತಾ ಹೋಗು, ಗೊತ್ತಾಯ್ತಾ?"

"ಏನಾರ ಆದ್ರ ನನ್ನ ಕೇಳ್ರಿ" ಎಂದೆ. ನನಗೂ ಗರಜಿತ್ತು. ಎರಡು ಮಕ್ಕಳಾದರೂ ಇನ್ನೂ ದಿನಗೂಲಿ. ನನ್ನನ್ನು ಖಾಯಂ ಮಾಡುವ ಕಾಗದ ರಾಯಚೂರಿನ ಆಫೀಸಿನಲ್ಲಿ ಸಾಹೇಬರ ಸಹಿಗೆ ಕಾಯುತ್ತಿತ್ತು.

ಅವರ ಬಸ್ಸು ಹೋಗಿದ್ದೇ ತಡ, ಜವಾಬ್ದಾರಿ ನನ್ನ ತಲೆಗೇರಿತು. ಸಡಿಲ ಹಗ್ಗದಲ್ಲಿ ಬಾರ್ಜು ಅತ್ತಿತ್ತ ಓಲಾಡುವುದನ್ನು ನೋಡಲಾಗಲಿಲ್ಲ. ಉದ್ದ ಹಗ್ಗದ ಎತ್ತು ಪಕ್ಕದವರ ಬೆಳೆ ಮೇಯುತ್ತದೆಂಬುದು ನಮ್ಮ ಮನೆಯ ಕೂಸಿಗೂ ಗೊತ್ತು. ಸಮುದ್ರದವರಿಗೆ ದನ ಕಟ್ಟುವುದೇನು ತಿಳಿದೀತು ಎಂದುಕೊಂಡು, ದಂಡೆಯ ಗೂಟಗಳಿಗೆ ಗಿಡ್ಡ ಹಗ್ಗದಲ್ಲಿ ಬಿಗಿದು, ಎಳೆದಷ್ಟೂ ಗಟ್ಟಿಯಾಗುವ ನಮ್ಮಪ್ಪನ ಗಂಟು ಹಾಕಿದೆ. ಬಾರ್ಜು ಅಲುಗಾಡದೆ ನಿಂತಿತು. ಅದರ ಬೆನ್ನು ಚಪ್ಪರಿಸಿದೆ ಕೂಡ.

ಮೂರನೆಯ ದಿನ ಬೆಳಿಗ್ಗೆ ಗುಡಿಸಲಲ್ಲಿ ಚಹಾ ಕುಡಿಯುತ್ತಿದ್ದೆ. ಕುರಿಗಳಿಗೆ ನೀರು ಕುಡಿಸಲು ಬಂದಿದ್ದ ಮುದುಕನೊಬ್ಬ ಕೂಗಿದ: "ಲೇ ತಮ್ಮಾ, ನಿನ್ನ ಎಮ್ಮಿನೂ ನೀರು ಕುಡಿಯಾಕತ್ತದ ನೋಡು!"

"ಕುಡೀಲಿ ಬಿಡು ಮುತ್ಯಾ, ಹೊಳಿ ಏನ್ ನಮ್ಮಪ್ಪಂದಾ?" ಎಂದು ನಗುತ್ತಾ ಹೊರಗೆ ಬಂದೆ.

ರಾತ್ರಿ ಮೇಲ್ಗಡೆ ಮಳೆಯಾಗಿ ಹೊಳೆ ಆಳೆತ್ತರ ಏರಿತ್ತು. ನೀರಿನ ಜೊತೆ ಏಳಬೇಕಿದ್ದ ಬಾರ್ಜನ್ನು ನನ್ನ ಗಿಡ್ಡ ಹಗ್ಗಗಳು ಕೆಳಗೇ ಹಿಡಿದಿದ್ದವು. ಮೂತಿ ಮುಳುಗಿ, ಹಿಂಭಾಗ ಎದ್ದು ನಿಂತಿತ್ತು. ನಮ್ಮಪ್ಪನ ಗಂಟು ನಮ್ಮಪ್ಪನೇ ಬಂದರೂ ಬಿಚ್ಚುವಂತಿರಲಿಲ್ಲ. ಕೊಡಲಿ ತರ್ರಿ ಎಂದು ಬಡಕೊಂಡರೆ ಒಬ್ಬ ಕಳೆ ಕೀಳುವ ಅಂಗೈಯಗಲದ ಕುರ್ಚಿಗಿ ತಂದ. ಅದರಿಂದ ಹಗ್ಗ ಕೆರೆಯುತ್ತಿರುವಾಗಲೇ ಬಾರ್ಜು ದೊಡ್ಡದಾಗಿ ತೇಗಿ ತಳ ಸೇರಿತು. ನಾನು ಅಲ್ಲೇ ಕುರಿಗಳ ನಡುವೆ ಕುಳಿತು ಗೊಳೋ ಎಂದು ಅತ್ತೆ.

ತಾಂಡೇಲರು ಮದುವೆಯ ಲಾಡು ಕಟ್ಟಿಕೊಂಡು ಬಂದಿಳಿದರು. ಕಾಲಿಗೆ ಬಿದ್ದು ಇದ್ದದ್ದು ಇದ್ದ ಹಾಗೆ ಹೇಳಿದೆ. ಬೈಯಲಿಲ್ಲ. ನೀರಿನ ಮೇಲೆ ಕ್ರೇನಿನ ತುದಿಯಷ್ಟೇ ಕಾಣುತ್ತಿತ್ತು. ಅದನ್ನು ನೋಡುತ್ತಾ ಕುಳಿತವರು ಊಟಕ್ಕೆ ಕರೆದರೂ ಏಳಲಿಲ್ಲ.

ಮರುದಿನ ಸಾಹೇಬರು ಜೀಪಿನಲ್ಲಿ ಬಂದು, ಹೇಗೆ ಮುಳುಗಿತು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ತಾಂಡೇಲರು ಮುಂದೆ ಬಂದರು.

"ಹಳೇ ಮಾಲು ಸರ್. ತಳ ಪೂರ್ತಿ ತುಕ್ಕು ತಿಂದಿತ್ತು. ನಾನೇ ಮೊದಲು ಬರೆದು ಕೊಡಬೇಕಿತ್ತು. ಇವನ ತಪ್ಪೇನಿಲ್ಲ."

ಸಾಹೇಬರು ಹಾಗೆಯೇ ಬರೆದುಕೊಂಡರು. ತಾಂಡೇಲರು ಊರಿಗೆ ಹೋದರು, ನಾನು ಖಾಯಂ ಆದೆ. ಮುಳುಗುವ ಮುಂಚಿನ ಬೇಸಿಗೆಯಲ್ಲಷ್ಟೇ, ಹೊಳೆ ಇಳಿದಾಗ ಅವರು ಬಾರ್ಜನ್ನು ದಿಮ್ಮಿಗಳ ಮೇಲೆ ಎಳೆಸಿ, ಅಡಿಯಲ್ಲಿ ಅಂಗಾತ ಮಲಗಿ, ಆ ತಳವನ್ನು ಗೇಣು ಗೇಣಿಗೂ ಸುತ್ತಿಗೆಯಿಂದ ತಟ್ಟಿ ನೋಡಿ ಕೆಂಪು ಬಣ್ಣ ಬಳಿದಿದ್ದರು. ಒಂದು ಚುಕ್ಕೆ ತುಕ್ಕೂ ಉಳಿದಿರಲಿಲ್ಲ. ಬಣ್ಣದ ಡಬ್ಬಿ ಹಿಡಿದು ಪಕ್ಕದಲ್ಲಿ ಕುಳಿತಿದ್ದವನು ನಾನೇ.